ರಾತ್ರಿ ಮಗುವಿನ ಹತ್ತಿರ ಇರಬೇಕೆಂದು ಎಂಜಿನಿಯರ್ ಆದಾಕೆ

ಕರೆಂಟು ಹೋದರೆ ಅಂಗಡಿಯವರು ಮೊದಲು ಬೈಯುವುದು ಲೈನ್‌ಮನ್‌ನನ್ನು. ಕರೆಂಟು ಇದ್ದಾಗ ಯಾರೂ ಯಾರನ್ನೂ ನೆನೆಯುವುದಿಲ್ಲ. ಅಣೆಕಟ್ಟಿನ ಬುಡದಲ್ಲಿ ಹುಟ್ಟಿದ ವಿದ್ಯುತ್ತು ನೂರಾರು ಮೈಲಿ ತಂತಿಯ ಮೇಲೆ ಓಡಿ, ಬೀದಿಯ ಟ್ರಾನ್ಸ್‌ಫಾರ್ಮರಿಗೆ ಇಳಿದು, ಅಂಗಡಿಯ ಬಲ್ಬಿಗೆ ಬರುವ ತನಕ ಎಷ್ಟು ಜನರ ಲೆಕ್ಕಾಚಾರ ಬೇಕು! ಅದೆಲ್ಲ ಗಂಡಸರದೇ ಗುತ್ತಿಗೆ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಆ ಕೆಲಸಕ್ಕೆ ಕೈಹಾಕಿದವರು ಮದರಾಸಿನ ಎ. ಲಲಿತಾ. ಭಾರತದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದವರು.

ಆದರೆ ‘ಮೊದಲಿಗಳು’ ಅನ್ನಿಸಿಕೊಳ್ಳಲು ಆಕೆ ಹೊರಟವರಲ್ಲ. ಕಂಕುಳಲ್ಲೊಂದು ಮಗು ಇತ್ತು. ಅದನ್ನು ಸಾಕಲು ದಾರಿ ಬೇಕಿತ್ತು, ಅಷ್ಟೆ.

ಹದಿನೆಂಟಕ್ಕೇ ವಿಧವೆ

ಲಲಿತಾ ಹುಟ್ಟಿದ್ದು 1919ರ ಆಗಸ್ಟ್ 27ರಂದು, ತೆಲುಗು ಮಾತಾಡುವ ಮನೆತನದಲ್ಲಿ. ತಂದೆ ಪಪ್ಪು ಸುಬ್ಬರಾವ್ ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪ್ರೊಫೆಸರ್. ಮನೆಯ ಗಂಡುಮಕ್ಕಳು ಎಂಜಿನಿಯರಿಂಗ್ ಓದಿದರು. ಹೆಣ್ಣುಮಕ್ಕಳಿಗೆ ಒಂದಿಷ್ಟು ಓದು, ಆಮೇಲೆ ಮದುವೆ. ಲಲಿತಾಗೂ ಹದಿನೈದಕ್ಕೇ ಮದುವೆಯಾಯಿತು. 1937ರಲ್ಲಿ ಗಂಡ ತೀರಿಕೊಂಡಾಗ ಆಕೆಗೆ ಹದಿನೆಂಟು, ಮಗಳಿಗೆ ಬರೀ ನಾಲ್ಕು ತಿಂಗಳು.

ಆ ಕಾಲದ ವಿಧವೆಯ ಪಾಡು ಹೇಳಬೇಕಾಗಿಲ್ಲ. ಮೂಲೆಯೇ ಗತಿ. ಲಲಿತಾ ಮಾತ್ರ ತವರಿಗೆ ಬಂದು, ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಇಂಟರ್‌ಮೀಡಿಯಟ್ ಓದಿ ಫಸ್ಟ್ ಕ್ಲಾಸಿನಲ್ಲಿ ಪಾಸಾದರು. ಮುಂದೇನು? ಡಾಕ್ಟರಿಕೆ ಆಗಲೇ ಹೆಂಗಸರಿಗೆ ತೆರೆದಿತ್ತು. ಆದರೆ ಡಾಕ್ಟರಾದವರು ನಡುರಾತ್ರಿ ಕರೆ ಬಂದರೂ ಎದ್ದು ಹೋಗಬೇಕು. ಮಗುವನ್ನು ಬಿಟ್ಟು ಹೋಗುವುದು ಹೇಗೆ? ಹೊತ್ತಿಗೆ ಸರಿಯಾಗಿ ಹೋಗಿ ಹೊತ್ತಿಗೆ ಸರಿಯಾಗಿ ಮನೆಗೆ ಬರುವ ಕೆಲಸ ಬೇಕು ಅಂತ ಲೆಕ್ಕ ಹಾಕಿ ಆರಿಸಿಕೊಂಡದ್ದು ಎಂಜಿನಿಯರಿಂಗ್!

ಅಳಿಸಿ ಬರೆದ ಸರ್ಟಿಫಿಕೇಟು

1794ರಲ್ಲಿ ಸರ್ವೆ ಶಾಲೆಯಾಗಿ ಶುರುವಾದ ಗಿಂಡಿಯಲ್ಲಿ ಅಲ್ಲಿಯ ತನಕ ಒಬ್ಬ ಹುಡುಗಿಯೂ ಎಂಜಿನಿಯರಿಂಗ್ ಕ್ಲಾಸಿನಲ್ಲಿ ಕೂತಿರಲಿಲ್ಲ. ಸುಬ್ಬರಾಯರು ಪ್ರಿನ್ಸಿಪಾಲ್ ಕೆ.ಸಿ. ಚಾಕೋ ಅವರನ್ನು ಕೇಳಿದರು. ಚಾಕೋ ಒಪ್ಪಿದರು. ಸರ್ಕಾರದ ವಿದ್ಯಾ ಇಲಾಖೆಯ ನಿರ್ದೇಶಕ ಆರ್.ಎಂ. ಸ್ಟ್ಯಾಥಮ್ ಕೂಡ ಹೂಂ ಅಂದರು. ನೂರಾರು ಹುಡುಗರ ನಡುವೆ ಒಬ್ಬಳೇ ಹುಡುಗಿ. ಆಮೇಲೆ ಲೀಲಮ್ಮ ಜಾರ್ಜ್, ಪಿ.ಕೆ. ತ್ರೇಸ್ಯಾ ಎಂಬ ಇಬ್ಬರು ಸಿವಿಲ್ ವಿಭಾಗಕ್ಕೆ ಸೇರಿ ಜೊತೆಯಾದರು. ಈ ತ್ರೇಸ್ಯಾ ಮುಂದೆ 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಚೀಫ್ ಎಂಜಿನಿಯರ್ ಆದರು ಅನ್ನುವುದೂ ಇಲ್ಲೇ ಹೇಳಬೇಕಾದ ಮಾತು.

ಓದು ಮುಗಿದಾಗ ಹೊಸ ಪೇಚು. ಡಿಗ್ರಿ ಪತ್ರದಲ್ಲಿ ಇಂಗ್ಲಿಷಿನಲ್ಲಿ ‘ಅವನು’ ಎಂದೇ ಅಚ್ಚಾಗಿತ್ತು! ಅದನ್ನು ಹೊಡೆದುಹಾಕಿ ‘ಅವಳು’ ಎಂದು ತಿದ್ದಿ ಕೊಟ್ಟರು.

ಭಾಕ್ರಾ ತನಕ

ಜಮಾಲ್‌ಪುರದ ರೈಲ್ವೆ ವರ್ಕ್‌ಶಾಪಿನಲ್ಲಿ ತರಬೇತಿ, ಸಿಮ್ಲಾದ ಸೆಂಟ್ರಲ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯಲ್ಲಿ ನೌಕರಿ, ಕೆಲ ತಿಂಗಳು ತಂದೆಯ ಸಂಶೋಧನೆಗೆ ಸಹಾಯ. 1948ರಲ್ಲಿ ಕಲ್ಕತ್ತೆಯ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಸೇರಿದರು. ಅಲ್ಲಿ ಸೋದರನ ಮನೆಯಿತ್ತು. ಅಮ್ಮ ಆಫೀಸಿಗೆ ಹೋದರೆ ಮಗಳನ್ನು ನೋಡಿಕೊಳ್ಳಲು ಮನೆ ತುಂಬ ಜನ.

ಅವರ ಕೆಲಸ ವಿದ್ಯುತ್ ಲೈನುಗಳ ವಿನ್ಯಾಸ, ಸಬ್‌ಸ್ಟೇಷನ್ನಿನ ನಕ್ಷೆ, ರಕ್ಷಣಾ ಸಲಕರಣೆಗಳ ಲೆಕ್ಕ. ದೂರಕ್ಕೆ ಕಳಿಸುವ ಕರೆಂಟನ್ನು ಭಾರೀ ವೋಲ್ಟೇಜಿಗೆ ಏರಿಸಬೇಕು, ಇಲ್ಲದಿದ್ದರೆ ದಾರಿಯಲ್ಲೇ ಬಿಸಿಯಾಗಿ ಸೋರಿಹೋಗುತ್ತದೆ. ಊರ ಹತ್ತಿರ ಬಂದಾಗ ಮತ್ತೆ ಇಳಿಸಬೇಕು. ನಡುವೆ ಎಲ್ಲಾದರೂ ತಂತಿ ಹರಿದು ಬಿದ್ದರೆ ಕ್ಷಣದೊಳಗೆ ಆ ಭಾಗವನ್ನಷ್ಟೇ ಕತ್ತರಿಸಬೇಕು. ಲೆಕ್ಕ ತಪ್ಪಿದರೆ ಮಷೀನು ಸುಡುತ್ತದೆ, ಜನ ಸಾಯುತ್ತಾರೆ. ಸಟ್ಲೆಜ್ ನದಿಯ ಭಾಕ್ರಾ ನಂಗಲ್ ಯೋಜನೆಯ ಜನರೇಟರುಗಳ ಕೆಲಸದಲ್ಲೂ ಲಲಿತಾ ಅವರ ಕೈಯಿತ್ತು. 1963ರ ಅಕ್ಟೋಬರಿನಲ್ಲಿ ನೆಹರೂ ದೇಶಕ್ಕೆ ಒಪ್ಪಿಸಿದ ಅಣೆಕಟ್ಟು ಅದೇ.

ಲಂಡನ್ನಿನ ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಂಸ್ಥೆ ಆಕೆಯನ್ನು 1953ರಲ್ಲಿ ಅಸೋಸಿಯೇಟ್ ಸದಸ್ಯೆಯಾಗಿ, 1966ರಲ್ಲಿ ಪೂರ್ಣ ಸದಸ್ಯೆಯಾಗಿ ಮಾಡಿಕೊಂಡಿತು. 1964ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮಹಿಳಾ ಎಂಜಿನಿಯರುಗಳ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನಕ್ಕೂ ಹೋಗಿಬಂದರು. ನೂರೈವತ್ತು ವರ್ಷ ಹಿಂದೆ ಹುಟ್ಟಿದ್ದರೆ ಗಂಡನ ಚಿತೆಯಲ್ಲೇ ತನ್ನನ್ನೂ ಸುಡುತ್ತಿದ್ದರು ಎಂದು ಅಲ್ಲಿಯವರಿಗೆ ಹೇಳಿದರಂತೆ.

1977ರಲ್ಲಿ ನಿವೃತ್ತಿ. ಎರಡೇ ವರ್ಷ ಕಳೆದು 1979ರ ಅಕ್ಟೋಬರ್ 12ರಂದು, ಅರವತ್ತರ ವಯಸ್ಸಿನಲ್ಲಿ ತೀರಿಕೊಂಡರು.

ಆಕೆಯ ಬುದ್ಧಿ ದೊಡ್ಡದು, ಸರಿಯೇ. ಆದರೆ ಇನ್ನೊಂದು ಲೆಕ್ಕವೂ ಇದೆ. ಬಾಗಿಲು ತೆರೆಯಲು ಹೂಂ ಅನ್ನಬೇಕಾಗಿದ್ದದ್ದು ಮೂರೇ ಜನ: ಅಪ್ಪ, ಪ್ರಿನ್ಸಿಪಾಲ್, ನಿರ್ದೇಶಕ. ಬೇಡ ಅನ್ನಲು ಮೂವರಿಗೂ ಆ ಕಾಲದಲ್ಲಿ ನೂರು ಕಾರಣ ಇದ್ದವು. ಒಬ್ಬರು ತಲೆ ಅಲ್ಲಾಡಿಸಿದ್ದರೂ ಭಾಕ್ರಾಕ್ಕೆ ಬೇಕಾದ ಒಂದು ತಲೆ ಮದರಾಸಿನ ಯಾವುದೋ ಅಡುಗೆಮನೆಯ ಮೂಲೆಯಲ್ಲಿ ಕರಗಿಹೋಗುತ್ತಿತ್ತು.