ಕಾರೋ, ವಿಮಾನವೋ? ಹುಣಸೂರು ಸೀಮೆಯಿಂದ ಹೊರಡುವವರ ಲೆಕ್ಕ

ರಜೆ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಈ ಚರ್ಚೆ ಇದ್ದದ್ದೇ. ಮಕ್ಕಳಿಗೆ ವಿಮಾನ ಹತ್ತುವ ಆಸೆ, ಅಪ್ಪನಿಗೆ ಖರ್ಚಿನ ಚಿಂತೆ, ಅಜ್ಜಿಗೆ ಮಂಡಿನೋವಿನ ಭಯ. ಯಾರೋ ಮೊಬೈಲಿನಲ್ಲಿ ಟಿಕೆಟ್ ದರ ತೆಗೆದು ತೋರಿಸಿದ ಕೂಡಲೇ ಮಾತೆಲ್ಲ ಆ ಒಂದು ಅಂಕಿಯ ಸುತ್ತ ಸುತ್ತತೊಡಗುತ್ತದೆ. ಬೆಂಗಳೂರಿನವರಿಗೆ ಅದು ಸಾಕಾಗಬಹುದು, ನಮಗೆ ಸಾಲದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ವಿಮಾನ ನಿಲ್ದಾಣ ಎಲ್ಲೂ ಇಲ್ಲ. ರೈಲು ಇರುವುದೂ ಕೆ.ಆರ್. ನಗರದಲ್ಲಿ ಮಾತ್ರ. ವಿಮಾನದಲ್ಲಿ ಹೋಗುವವರೂ ಮೊದಲು ರಸ್ತೆ ಹಿಡಿಯಲೇಬೇಕು. ಆದ್ದರಿಂದ ಇಲ್ಲಿನ ಲೆಕ್ಕವನ್ನು ಮನೆ ಬಾಗಿಲಿಂದಲೇ ಶುರು ಮಾಡಬೇಕು.

ಬಾಗಿಲಿಂದ ಬಾಗಿಲಿಗೆ ಎಷ್ಟು ಗಂಟೆ?

ಹುಣಸೂರಿನ ಒಂದು ಸಂಸಾರ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹೊರಡುತ್ತದೆ ಎಂದುಕೊಳ್ಳೋಣ. ಮೈಸೂರಿಗೆ 45 ಕಿ.ಮೀ., ಅದಕ್ಕೊಂದು ಗಂಟೆ. ಅಲ್ಲಿಂದ ದಶಪಥದಲ್ಲಿ ಕೆಂಗೇರಿ ಮುಟ್ಟಲು ಎರಡು ಗಂಟೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆ ಉಳಿಸಿಕೊಟ್ಟ ಸಮಯವನ್ನು ಬೆಂಗಳೂರಿನ ಟ್ರಾಫಿಕ್ ವಾಪಸ್ ಕಿತ್ತುಕೊಳ್ಳುತ್ತದೆ: ಕೆಂಗೇರಿಯಿಂದ ದೇವನಹಳ್ಳಿಗೆ ಒಂದೂವರೆಯಿಂದ ಎರಡೂವರೆ ಗಂಟೆ. ಅಲ್ಲಿಗೆ ಐದು ಗಂಟೆ ಆಯಿತು. ನಿಲ್ದಾಣದಲ್ಲಿ ಎರಡು ಗಂಟೆ ಮೊದಲೇ ಇರಬೇಕು. ಹಾರಾಟ ಒಂದೂವರೆ ಗಂಟೆ. ಇಳಿದ ಮೇಲೆ ಲಗೇಜಿಗೆ ಕಾದು, ಟ್ಯಾಕ್ಸಿ ಹಿಡಿದು ಲಾಡ್ಜ್ ಸೇರಲು ಇನ್ನೊಂದು ಗಂಟೆ. ಒಟ್ಟು ಒಂಬತ್ತೂವರೆ ಗಂಟೆ.

ಅಷ್ಟೇ ಹೊತ್ತು ಕಾರು ಓಡಿಸಿದರೆ ಎಲ್ಲಿರುತ್ತೇವೆ? ತಿಂಡಿ, ಕಾಫಿ, ಮಕ್ಕಳನ್ನು ಇಳಿಸಿ ಹತ್ತಿಸುವುದು ಎಲ್ಲ ಸೇರಿ ಗಂಟೆಗೆ ಸರಾಸರಿ 55 ಕಿ.ಮೀ. ಹಿಡಿದರೂ 500 ಕಿ.ಮೀ. ದಾಟಿರುತ್ತೇವೆ. ಅಂದರೆ ಇಲ್ಲಿಂದ 500 ಕಿ.ಮೀ. ಒಳಗಿನ ಯಾವ ಊರಿಗೂ ವಿಮಾನದಿಂದ ಸಮಯ ಉಳಿಯುವುದಿಲ್ಲ. ತಿರುಪತಿ ಸುಮಾರು 440 ಕಿ.ಮೀ.; ಹಂಪಿಯೂ 500ರ ಒಳಗೇ. ಊಟಿ, ವಯನಾಡು, ಧರ್ಮಸ್ಥಳ, ಮಂಗಳೂರುಗಳ ಮಾತೇ ಬೇಡ. ಇವೆಲ್ಲ ಕಾರಿನ ಊರುಗಳು.

500ರಿಂದ 900 ಕಿ.ಮೀ.ವರೆಗಿನದು ಅನುಮಾನದ ಪಟ್ಟಿ. ಮಂಗಳೂರಿನ ಮೇಲೆ ಕರಾವಳಿ ಹಿಡಿದು ಪಣಜಿಗೆ ಹೋದರೆ 575 ಕಿ.ಮೀ. ಆಗುತ್ತದೆ, ಹೈದರಾಬಾದ್ 750 ದಾಟುತ್ತದೆ. ಇಲ್ಲಿ ತಲೆ ಎಷ್ಟು, ಡ್ರೈವರ್ ಯಾರು ಎಂಬುದರ ಮೇಲೆ ತೀರ್ಮಾನ. 900 ದಾಟಿದರೆ, ಅಂದರೆ ಶಿರಡಿ, ಕಾಶಿ, ದೆಹಲಿಗೆ, ವಿಮಾನ ಅಥವಾ ರೈಲು. ಅಷ್ಟು ದೂರ ಕಾರು ಓಡಿಸುವುದೇ ಖುಷಿ ಎನ್ನುವವರ ವಿಚಾರ ಬೇರೆ.

ಯಾವ ನಿಲ್ದಾಣ ಯಾರಿಗೆ?

ಎಲ್ಲರೂ ದೇವನಹಳ್ಳಿಗೇ ಹೋಗಬೇಕೆಂದಿಲ್ಲ. ಮೈಸೂರಿನ ಮಂಡಕಳ್ಳಿ ಹತ್ತಿರದ್ದು. ಆದರೆ ಅಲ್ಲಿನ ರನ್‌ವೇ 1,740 ಮೀಟರ್ ಮಾತ್ರ. ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್ ವಿಮಾನ ಇಳಿಯುತ್ತದೆ, ದೊಡ್ಡ ಜೆಟ್ ಇಳಿಯುವುದಿಲ್ಲ. ಆದ್ದರಿಂದಲೇ ಅಲ್ಲಿಂದ ಚೆನ್ನೈ, ಹೈದರಾಬಾದ್‌ನಂಥ ಹತ್ತಿರದ ಊರುಗಳಿಗಷ್ಟೇ ವಿಮಾನ. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಹೊರಡುವ ತಿಂಗಳಿನದ್ದನ್ನೇ ನೋಡಬೇಕು. ಎಚ್.ಡಿ. ಕೋಟೆಯವರಿಗೆ ಇದು ಎಲ್ಲರಿಗಿಂತ ಅನುಕೂಲ: ಮಾನಂದವಾಡಿ ರಸ್ತೆಯಲ್ಲಿ ಬಂದು ಹೊರವರ್ತುಲ ರಸ್ತೆ ಹಿಡಿದರೆ ಪೇಟೆಯೊಳಗೆ ಸಿಲುಕದೆ ನಂಜನಗೂಡು ರಸ್ತೆ ಸೇರಬಹುದು.

ಮಂಡಕಳ್ಳಿಯಿಂದ ಹೈದರಾಬಾದಿಗೆ ಹೋಗಿ ಅಲ್ಲಿ ವಿಮಾನ ಬದಲಿಸುವುದಾದರೆ ಇಡೀ ಪ್ರಯಾಣಕ್ಕೆ ಒಂದೇ ಪಿಎನ್ಆರ್ ಇರಲಿ. ಆಗ ಲಗೇಜು ಸಾಮಾನ್ಯವಾಗಿ ಕೊನೆಯ ಊರಿನವರೆಗೆ ತಾನೇ ಹೋಗುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ದಾರಿ ಮಾಡಿಕೊಡುವ ಹೊಣೆ ಕಂಪನಿಯದು. ಅಗ್ಗವೆಂದು ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದರೆ ಆ ಹೊಣೆ ನಿಮ್ಮ ತಲೆಗೆ.

ಪಿರಿಯಾಪಟ್ಟಣ, ಹುಣಸೂರಿನವರು ಮರೆಯುವ ಇನ್ನೊಂದು ನಿಲ್ದಾಣ ಕಣ್ಣೂರು. 2018ರ ಡಿಸೆಂಬರ್ 9ರಂದು ಶುರುವಾದ ಅದು ಇರುವುದು ಮಟ್ಟನ್ನೂರಿನಲ್ಲಿ. ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟ, ಇರಿಟ್ಟಿ ದಾರಿಯಲ್ಲಿ ಹುಣಸೂರಿನಿಂದ ದೇವನಹಳ್ಳಿಯ ಅರ್ಧದಷ್ಟೇ ದೂರ. ಕೊಲ್ಲಿ ದೇಶಗಳಲ್ಲಿ ಮಗನೋ ಮಗಳೋ ಇದ್ದು ನೋಡಲು ಹೊರಟವರು ಇಲ್ಲಿನ ದರವನ್ನೊಮ್ಮೆ ಹೋಲಿಸಿ ನೋಡಬೇಕು. ಮಳೆಗಾಲದಲ್ಲಿ ಮಾತ್ರ ಮಾಕುಟ್ಟ ಘಾಟಿಯನ್ನು ನಂಬಿ ಕೂರುವಂತಿಲ್ಲ.

ತಲೆಗೆ ಟಿಕೆಟ್, ಗಾಡಿಗೆ ಪೆಟ್ರೋಲ್

ವಿಮಾನದ ಖರ್ಚು ತಲೆ ಲೆಕ್ಕ. ಕಾರಿನದು ಗಾಡಿ ಲೆಕ್ಕ. ಎರಡು ವರ್ಷ ತುಂಬಿದ ಮಗುವಿಗೆ ವಿಮಾನದಲ್ಲಿ ಸೀಟು ತೆಗೆಯಲೇಬೇಕು, ದರದಲ್ಲಿ ದೊಡ್ಡವರಿಗೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ರೈಲಿನಲ್ಲಾದರೆ ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡದಿದ್ದರೆ ಟಿಕೆಟ್ಟೇ ಇಲ್ಲ.

ಶಿರಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹುಣಸೂರಿನಿಂದ ಚಿತ್ರದುರ್ಗ, ಹುಬ್ಬಳ್ಳಿ, ಪುಣೆ ಮೇಲೆ ಸುಮಾರು 1,100 ಕಿ.ಮೀ. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಚಿಲ್ಲರೆ, ಮೈಲೇಜ್ 15 ಎಂದರೆ ಕಿ.ಮೀ.ಗೆ ಏಳು ರೂಪಾಯಿ. ಟೈರು, ಆಯಿಲ್, ಸರ್ವಿಸ್ ಸವೆತಕ್ಕೆ ಮೂರು ಸೇರಿಸಿ ಹತ್ತು ರೂಪಾಯಿ ಹಿಡಿಯಿರಿ. ಹೋಗಿಬರಲು 2,200 ಕಿ.ಮೀ.ಗೆ 22,000. ಟೋಲ್ 4,000, ದಾರಿಯಲ್ಲಿ ಹೋಗುವಾಗೊಂದು ಬರುವಾಗೊಂದು ರಾತ್ರಿ ಲಾಡ್ಜಿಗೆ 5,000. ಒಟ್ಟು 31,000.

ವಿಮಾನ ಟಿಕೆಟ್ ಒಂದು ಕಡೆಗೆ 4,500 ಎಂದುಕೊಂಡರೆ ಐದು ಜನಕ್ಕೆ ಹೋಗಿಬರಲು 45,000. ದೇವನಹಳ್ಳಿಗೆ ಟ್ಯಾಕ್ಸಿ ಮಾಡಿದರೆ ಖಾಲಿ ವಾಪಸ್ ಬರುವ ಬಾಡಿಗೆಯೂ ನಿಮ್ಮದೇ, ಕಿ.ಮೀ.ಗೆ 14ರಂತೆ 450 ಕಿ.ಮೀ.ಗೆ 6,300, ಎರಡು ಸಲಕ್ಕೆ 12,600. ಶಿರಡಿಯಲ್ಲಿ ಓಡಾಟಕ್ಕೆ ಇನ್ನೊಂದು ಮೂರು ಸಾವಿರ. ಒಟ್ಟು 60,000 ದಾಟಿತು. ಒಂದು ಟಿಕೆಟ್ಟಿಗಿಂತ ನಿಲ್ದಾಣಕ್ಕೆ ಹೋಗುವ ಬಾಡಿಗೆಯೇ ಹೆಚ್ಚು: ಮೂಗಿಗಿಂತ ಮೂಗುತಿ ಭಾರ. ಐದು ಜನಕ್ಕೆ ವಿಮಾನ ಉಳಿಸುವುದು ಎರಡು ದಿನ, ಕೇಳುವುದು ಹೆಚ್ಚುವರಿ 30,000.

ಅದೇ ಗಂಡ ಹೆಂಡತಿ ಇಬ್ಬರೇ ಆದರೆ? ಟಿಕೆಟ್ 18,000, ಮೈಸೂರಿನಿಂದ ಕೆಎಸ್ಆರ್‌ಟಿಸಿ ಫ್ಲೈಬಸ್ ಹಿಡಿದರೆ ಟ್ಯಾಕ್ಸಿ ಬಾಡಿಗೆಯ ದೊಡ್ಡ ಪಾಲು ಉಳಿಯುತ್ತದೆ. ಕಾರಿನ ಖರ್ಚು ಮಾತ್ರ ಇಬ್ಬರಿದ್ದರೂ ಐವರಿದ್ದರೂ ಹೆಚ್ಚುಕಡಿಮೆ ಅಷ್ಟೇ. ಇಲ್ಲಿ ವಿಮಾನವೇ ಗೆಲ್ಲುತ್ತದೆ. ನಿಮ್ಮ ಊರು, ನಿಮ್ಮ ದಿನದ ದರ ಹಾಕಿ ಇದೇ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಸಾಮಾನ್ಯವಾಗಿ ಮೂರು ತಲೆಯ ಆಸುಪಾಸಿನಲ್ಲಿ ತಕ್ಕಡಿ ತಿರುಗುತ್ತದೆ.

ಐದಾರು ಜನ, ದೂರದ ಊರು ಎಂದರೆ ರೈಲನ್ನೂ ಹಾಳೆಗೆ ಸೇರಿಸಿ. ಮೈಸೂರಿನಿಂದ ಸಾಯಿನಗರ ಶಿರಡಿಗೆ ವಾರಕ್ಕೊಮ್ಮೆ, ವಾರಾಣಸಿಗೆ ವಾರಕ್ಕೆರಡು ದಿನ ರೈಲಿದೆ. ಕೆ.ಆರ್. ನಗರದವರು ಅರಸೀಕೆರೆ ಜಂಕ್ಷನ್ನಿಗೆ ಹೋಗಿ ಹುಬ್ಬಳ್ಳಿ ಕಡೆಯ ಗಾಡಿ ಹಿಡಿಯಬಹುದು.

ಟೋಲ್ ವಿಚಾರ ಒಂದು ಮಾತು. ವರ್ಷದಲ್ಲಿ ಹಲವು ಸಲ ಬೆಂಗಳೂರು ಕಡೆ ಹೋಗುವ ಸ್ವಂತ ಕಾರಿನವರಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಲಾಭ. 2025ರ ಆಗಸ್ಟ್ 15ರಂದು ಶುರುವಾದಾಗ ಅದರ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅಲ್ಲಿಯವರೆಗೆ. ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ನಡೆಯುತ್ತದೆ, ರಾಜ್ಯಗಳ ಟೋಲ್ ರಸ್ತೆಗಳಲ್ಲಿ ನಡೆಯುವುದಿಲ್ಲ.

ಸ್ಟೇರಿಂಗ್ ಹಿಡಿಯುವವರು ಯಾರು?

ಹಾಳೆಯ ಮೇಲೆ ಕಾರು ಅಗ್ಗವೆನಿಸಿದರೂ ಈ ಪ್ರಶ್ನೆ ಎಲ್ಲವನ್ನೂ ತಿರುಗಿಸಬಲ್ಲದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ವೃತ್ತಿ ಚಾಲಕರಿಗೇ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ ಎಂದು ನಿಗದಿ ಮಾಡಿದೆ. ವಾರವೆಲ್ಲ ಅಂಗಡಿಯಲ್ಲೋ ಆಫೀಸಿನಲ್ಲೋ ಕೂತವರು ಶನಿವಾರ ರಾತ್ರಿ ಹತ್ತಕ್ಕೆ ಹೊರಟು ಬೆಳಗ್ಗೆ ತಿರುಪತಿ ಮುಟ್ಟುತ್ತೇವೆ ಎನ್ನುವುದು ಧೈರ್ಯವಲ್ಲ, ಅಪಾಯ. ಓಡಿಸುವವರು ಒಬ್ಬರೇ ಇದ್ದರೆ ದಿನಕ್ಕೆ 400 ಕಿ.ಮೀ.ಗೆ ಮಿತಿ ಹಾಕಿಕೊಳ್ಳಿ, ಇಬ್ಬರಿದ್ದರೆ 550. ಅದಕ್ಕಿಂತ ದೂರವಿದ್ದರೆ ನಡುವೆ ಒಂದು ರಾತ್ರಿ ಉಳಿಯಲೇಬೇಕು.

ಬಾಡಿಗೆ ಗಾಡಿಯಾದರೆ ಹಳದಿ ಬೋರ್ಡಿನದೇ ಇರಲಿ. ಪರಿಚಯದವರ ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಒಯ್ದು ಅಪಘಾತವಾದರೆ ವಿಮೆ ಕಂಪನಿ ಪರಿಹಾರಕ್ಕೆ ತಕರಾರು ತೆಗೆಯುತ್ತದೆ. ಗಡಿಯಲ್ಲಿ ದಂಡವೂ ಬೀಳಬಹುದು. ಮಾತಾಡುವಾಗಲೇ ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ. ಲೆಕ್ಕ, ಡ್ರೈವರ್ ಬಾಟಾ ಎಷ್ಟು, ಹೊರರಾಜ್ಯದ ತೆರಿಗೆ, ಟೋಲ್, ಪಾರ್ಕಿಂಗ್ ಯಾರದು ಎಂಬ ಮೂರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಹತ್ತು ಹನ್ನೆರಡು ಜನರಿದ್ದರೆ ಎರಡು ಕಾರಿಗಿಂತ ಒಂದು ಟಿಟಿ (ಟೆಂಪೊ ಟ್ರಾವೆಲರ್) ವಾಸಿ.

ಕಾಡಿನ ಗೇಟು, ಘಾಟಿ, ಇ–ಪಾಸ್

ನಮ್ಮ ಸೀಮೆಯಲ್ಲಿ ಕಾರು ಹೊರಡುವ ಹೊತ್ತನ್ನು ಕಾಡೂ ನಿರ್ಧರಿಸುತ್ತದೆ. ಎಚ್.ಡಿ. ಕೋಟೆಯಿಂದ ಬಾವಲಿ ಮೇಲೆ ಮಾನಂದವಾಡಿಗೆ ಹೋಗುವ ರಸ್ತೆ ನಾಗರಹೊಳೆ ಕಾಡಿನೊಳಗೆ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಬಂದ್. ಬಂಡೀಪುರದ ಮೂಲಕ ಊಟಿಗೂ ಸುಲ್ತಾನ್ ಬತ್ತೇರಿಗೂ ಹೋಗುವ ಹೆದ್ದಾರಿಗಳು 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ವಯನಾಡಿನಿಂದ ವಾಪಸ್ ಬರುವವರು ಸಂಜೆ ಐದಕ್ಕೆ ಬಾವಲಿ ಮುಟ್ಟುವಂತೆ ಹೊರಡಬೇಕು. ತಪ್ಪಿದರೆ ಕುಟ್ಟ, ಗೋಣಿಕೊಪ್ಪ, ಹುಣಸೂರು ಎಂದು ಸುತ್ತಿ ಬರಬೇಕು. ಆ ದಾರಿಯಲ್ಲೂ ರಾತ್ರಿ ಆನೆ ಅಡ್ಡ ಬರುವುದುಂಟು.

ಊಟಿಗೆ ಹೋಗುವವರಿಗೆ 2024ರ ಮೇ 7ರಿಂದ ಇ–ಪಾಸ್ ಬಂದಿದೆ. ಹೊರಡುವ ಮುನ್ನ ಆನ್‌ಲೈನಿನಲ್ಲಿ ಗಾಡಿ ನಂಬರ್ ಕೊಟ್ಟು ತೆಗೆದುಕೊಳ್ಳಿ. ತಿರುಮಲೆಗೆ ಸ್ವಂತ ಗಾಡಿ ಹತ್ತಿಸಬೇಕಾದರೆ ಅಲಿಪಿರಿಯಲ್ಲಿ ಫಾಸ್ಟ್ಯಾಗ್ ಬೇಕು. ಮಳೆಗಾಲದಲ್ಲಿ ಗೋವಾ, ಮಂಗಳೂರು ಕಡೆ ಹೊರಟವರು ಮುಂಚಿನ ದಿನದ ಸುದ್ದಿ ನೋಡದೆ ಹೊರಡಬಾರದು. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ, 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಕರಾವಳಿ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿದ್ದವು.

ತಾರೀಖು ನಿಮ್ಮ ಕೈಯಲ್ಲಿದೆಯೇ?

ಅಗ್ಗದ ವಿಮಾನ ಟಿಕೆಟ್ ಸಿಗುವುದು ಒಂದೆರಡು ತಿಂಗಳು ಮೊದಲೇ ತಾರೀಖು ಗಟ್ಟಿ ಮಾಡಿದವರಿಗೆ. ಸಂಬಳದವರಿಗೆ ಅದು ಸಾಧ್ಯ. ಹೊಗೆಸೊಪ್ಪಿನ ಮನೆಗೆ? ಏಪ್ರಿಲ್, ಮೇನಲ್ಲಿ ಮಕ್ಕಳಿಗೆ ರಜೆ ಬರುವಾಗ ಸಸಿ ಮಡಿಯಲ್ಲಿರುತ್ತದೆ, ಭರಣಿ ಮಳೆ ಬಿದ್ದ ದಿನ ನಾಟಿಗೆ ಇಳಿಯಬೇಕು. ಮುಂದೆ ಬ್ಯಾರನ್ನಿಗೆ ಬೆಂಕಿ ಹಾಕಿದ ಮೇಲೆ ಮನೆಯವರು ಊರು ಬಿಡುವಂತಿಲ್ಲ. ದಸರಾ ರಜೆಯ ಹೊತ್ತಿಗೆ ಬೇಲು ಹರಾಜು ಮಾರುಕಟ್ಟೆಗೆ ಹೋಗುವ ಕಾಲ. ದುಡ್ಡು ಕೈ ಸೇರಿ ಕೆಲಸದಿಂದ ಬಿಡುವಾಗುವ ಹೊತ್ತಿಗೆ ಮಕ್ಕಳಿಗೆ ಪರೀಕ್ಷೆ.

ಇಂಥ ಮನೆಗೆ ಕಾರಿನ ದೊಡ್ಡ ಗುಣ ಅಗ್ಗವಲ್ಲ, ನಾಳೆ ಹೊರಡೋಣ ಎಂದರೂ ಅದು ತಕರಾರು ಮಾಡದಿರುವುದು. ಕಡಿಮೆ ದರದ ವಿಮಾನ ಟಿಕೆಟ್ ರದ್ದು ಮಾಡಿದರೆ ಬಹುಪಾಲು ಹಣ ಹೋಗುತ್ತದೆ. ಆಗಲೂ ಟಿಕೆಟ್ಟಿನೊಳಗಿನ ಸರ್ಕಾರಿ ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ವಾಪಸ್ ಬರಬೇಕೆಂಬ ನಿಯಮವಿದೆ; ಕೇಳಿ ಪಡೆಯಿರಿ.

ವಿಮಾನವೇ ಎಂದು ತೀರ್ಮಾನಿಸಿದರೆ

ಟಿಕೆಟ್ ಮಾಡಿಸುವಾಗ ಪ್ರತಿಯೊಬ್ಬರ ಆಧಾರ್ ಕಾರ್ಡನ್ನು ಎದುರಿಗಿಟ್ಟುಕೊಳ್ಳಿ. ಮನೆಯಲ್ಲಿ ಕರೆಯುವ ಹೆಸರು ಒಂದು, ಕಾರ್ಡಿನಲ್ಲಿರುವುದು ಇನ್ನೊಂದು. ಇನಿಶಿಯಲ್ ಕೆಲವರಿಗೆ ಮುಂದೆ, ಕೆಲವರಿಗೆ ಹಿಂದೆ. ಹೆಸರಿನ ಕಾಲಂನಲ್ಲಿ ಒಂದೇ ಅಕ್ಷರ ತುಂಬಿ ಬಿಡಬೇಡಿ, ಇನಿಶಿಯಲ್ ಬಿಡಿಸಿ ಬರೆಯಿರಿ. ಎರಡು ವರ್ಷದೊಳಗಿನ ಮಗುವಿದ್ದರೆ ಜನನ ಪ್ರಮಾಣಪತ್ರ ಜೊತೆಗಿರಲಿ. ಮಂಡಿನೋವಿನ ಹಿರಿಯರಿಗೆ ಬುಕ್ ಮಾಡುವಾಗಲೇ ಗಾಲಿಕುರ್ಚಿ ಕೇಳಿ. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ತಲೆಗೆ 15 ಕಿಲೋ ಲಗೇಜು, 7 ಕಿಲೋ ಕೈಚೀಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಉಪ್ಪಿನಕಾಯಿ ಬಾಟಲಿ ಲಗೇಜಿನಲ್ಲಿರಲಿ. ಹೊರಡುವ ಗಂಟೆಗೆ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತದೆ. ಬೆಳಗಿನ ಜಾವದ ವಿಮಾನವಾದರೆ ಹುಣಸೂರಿನಿಂದ ನಡುರಾತ್ರಿ ಹೊರಡುವುದಕ್ಕಿಂತ ಹಿಂದಿನ ಸಂಜೆಯೇ ಬೆಂಗಳೂರಿನ ನೆಂಟರ ಮನೆ ಸೇರುವುದು ಒಳ್ಳೆಯದು. ಆ ರಾತ್ರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಾಗಾದರೆ ಕೂತು ಮಾತಾಡುವಾಗ ಪ್ರಶ್ನೆಗಳ ಕ್ರಮ ಹೀಗಿರಲಿ. ಊರು 500 ಕಿ.ಮೀ. ಒಳಗಿದೆಯೇ? ಇದ್ದರೆ ಕಾರು, ಚರ್ಚೆ ಮುಗಿಯಿತು. ಇಲ್ಲವಾದರೆ, ತಾರೀಖು ಗಟ್ಟಿಯೇ? ಗಟ್ಟಿಯಿಲ್ಲದಿದ್ದರೆ ಟಿಕೆಟ್ ಮುಟ್ಟಬೇಡಿ. ಗಟ್ಟಿಯಿದ್ದರೆ, ಓಡಿಸಲು ಇಬ್ಬರಿದ್ದಾರೆಯೇ, ಹೋಗುವವರು ಎಷ್ಟು ಜನ? ಇಷ್ಟಕ್ಕೆ ಉತ್ತರ ಸಿಕ್ಕ ಮೇಲೆ ಮೊಬೈಲ್ ತೆಗೆದು ದರ ನೋಡಿ. ಅಷ್ಟು ಹೊತ್ತಿಗೆ ಅರ್ಧಕ್ಕರ್ಧ ಮನೆಗಳಿಗೆ ದರ ನೋಡುವ ಅಗತ್ಯವೇ ಉಳಿದಿರುವುದಿಲ್ಲ.