ಇತಿಹಾಸ ಬೇಕೆಂದರೆ ಗಾಬರಿ ಏಕೆ?



ಹತ್ತನೆಯ ತರಗತಿ ಮುಗಿದೊಡನೆ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಸೈನ್ಸೋ, ಕಾಮರ್ಸೋ? "ನನಗೆ ಇತಿಹಾಸ ಬೇಕು" ಎಂದರೆ ಅಪ್ಪ-ಅಮ್ಮ ಗಾಬರಿಯಾಗುತ್ತಾರೆ. ಇಸವಿಗಳನ್ನು ಉರುಹೊಡೆದ ಇತಿಹಾಸವೇ ಅವರ ನೆನಪಿನಲ್ಲಿರುವುದು. ಜಗಳವಾಡಬೇಡಿ; ಪಠ್ಯಪುಸ್ತಕವನ್ನೇ ಅವರ ಕೈಗೆ ಕೊಡಿ.

ಸಿ.ಬಿ.ಎಸ್.ಇ. ಹನ್ನೆರಡನೆಯ ತರಗತಿಯ ಇತಿಹಾಸದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಪ್ರಾಜೆಕ್ಟಿಗೆ. ಹಳೆಯ ಬರಹದ ತುಣುಕು ಕೊಟ್ಟು ಪ್ರಶ್ನೆ ಕೇಳುತ್ತಾರೆ, ನಕ್ಷೆಯೂ ಉಂಟು. ಎನ್.ಸಿ.ಇ.ಆರ್.ಟಿ. 2007ರಲ್ಲಿ ಹೊರತಂದ ಪುಸ್ತಕದಲ್ಲಿ ನಮ್ಮ ವಿಜಯನಗರಕ್ಕೇ ಇಡೀ ಒಂದು ಅಧ್ಯಾಯವಿದೆ. 1800ರಲ್ಲಿ ಹಂಪಿಯನ್ನು ಸರ್ವೆ ಮಾಡಿದ ಕಾಲಿನ್ ಮೆಕೆಂಜಿಗೆ ಮೊದಲ ಮಾಹಿತಿ ಬಹುಪಾಲು ದೊರೆತದ್ದು ಅಲ್ಲಿನ ದೇಗುಲಗಳ ಅರ್ಚಕರ ನೆನಪಿನಿಂದ. ಮುಂದೆ ವಿದ್ವಾಂಸರು ಅದಕ್ಕೆ ಶಾಸನಗಳನ್ನೂ ವಿದೇಶಿ ಪ್ರವಾಸಿಗರ ಬರಹಗಳನ್ನೂ ಜೋಡಿಸಿದರು. ಯಾರು ಹೇಳಿದರು, ಏಕೆ ಹೇಳಿದರು ಎಂದು ತಾಳೆ ನೋಡುವುದೇ ಇಲ್ಲಿನ ಓದು. ವಕೀಲರಿಗೂ ಪತ್ರಕರ್ತರಿಗೂ ಬೇಕಾದದ್ದು ಇದೇ.

ಓದುವುದೂ ಬರೆಯುವುದೂ ಬಹಳ; ಅದನ್ನು ಮನೆಯಲ್ಲಿ ಮುಚ್ಚಿಡಬೇಡಿ.

ರಜೆಗೆ ಊರಿಗೆ ಹೋದಾಗ ಅಜ್ಜಿ ಹೇಳುವ ಹಳೆಯ ಸಂಗತಿಯೊಂದನ್ನು ಬರೆದುಕೊಳ್ಳಿ. ಅದನ್ನೇ ದೊಡ್ಡಪ್ಪನನ್ನೂ ಕೇಳಿ. ಎರಡು ಮಾತೂ ಒಂದಾಗದಿದ್ದಾಗ ನಿಮಗೆ ಕುತೂಹಲ ಹುಟ್ಟಿದರೆ, ಧೈರ್ಯವಾಗಿ ಇತಿಹಾಸ ತೆಗೆದುಕೊಳ್ಳಿ.