ಸೀಸದ ದೂಳಿಗೆ ಮಾಸ್ಕ್ ಸಾಕೇ?

ಪ್ರಶ್ನೆ: ಬ್ಯಾಟರಿ ಕಾರ್ಖಾನೆಯಲ್ಲಿ ಎಲ್ಲರಿಗೂ ಮಾಸ್ಕ್ ಕೊಡುತ್ತಾರೆ. ಆದರೂ ಆಗಾಗ ರಕ್ತಪರೀಕ್ಷೆ ಏಕೆ?

ಉತ್ತರ: ಮಾಸ್ಕ್ ಕೊನೆಯ ಉಪಾಯ, ಮೊದಲನೆಯದಲ್ಲ. ಗಡ್ಡ ಬಿಟ್ಟವರ ಮುಖಕ್ಕೆ ಅದು ಸರಿಯಾಗಿ ಕೂರುವುದೂ ಇಲ್ಲ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಕಾವು ಅದನ್ನು ಮೀರಿ ಏರಿದಷ್ಟೂ ಹೊಗೆ ಹೆಚ್ಚು. ಹಾಗಾಗಿ ಕುಲುಮೆಯ ಬಾಯಲ್ಲೇ, ಪ್ಲೇಟು ಜೋಡಿಸುವ ಮೇಜಿನ ಅಂಚಿನಲ್ಲೇ ಗಾಳಿ ಹೀರುವ ಹುಡ್ ಇರಬೇಕು. ಬರೀ ಫ್ಯಾನ್ ಹಾಕಿದರೆ ದೂಳು ಪಕ್ಕದವರ ಮೂಗಿಗೆ ಹೋಗುತ್ತದೆ, ಅಷ್ಟೆ! ಒಣ ಪೊರಕೆಯೂ ಬೇಡ. ನೆಲವನ್ನು ಒದ್ದೆ ಮಾಡಿಯೇ ಬಳಿಯಬೇಕು.

ನಮ್ಮ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿದ್ದ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನಮೀಟರ್ ಗಾಳಿಗೆ 0.15 ಮಿಲಿಗ್ರಾಂ. ಅಮೆರಿಕ 1978ರಲ್ಲೇ 0.05 ಎಂದು ನಿಗದಿಮಾಡಿತು. ನಮ್ಮದು ತೀರಾ ಸಡಿಲವಾಯಿತು ಎಂದೇ ನನ್ನ ಅನಿಸಿಕೆ.

ಇನ್ನು ರಕ್ತ. ಗಾಳಿ ಅಳೆದರೆ ಅರ್ಧ ಲೆಕ್ಕ ಮಾತ್ರ ಸಿಗುತ್ತದೆ. ತೊಳೆಯದ ಕೈಯಿಂದ ಬೀಡಿಗೆ, ಊಟದ ತುತ್ತಿಗೆ ಅಂಟಿ ಒಳಹೋದ ಸೀಸವೂ ರಕ್ತದಲ್ಲಿ ಕಾಣುತ್ತದೆ. ಮಟ್ಟ ಏರಿದವರನ್ನು ಸೀಸವಿಲ್ಲದ ಕೆಲಸಕ್ಕೆ ಹಾಕಬೇಕು, ಸಂಬಳ ಕಡಿಯದೆ. ಕಡಿದರೆ ಮುಂದಿನ ಸಲ ಯಾರೂ ಪರೀಕ್ಷೆಗೆ ಕೈ ಚಾಚುವುದಿಲ್ಲ.